ನಾಲ್ಕು ಪಂದ್ಯಗಳ ಕ್ಯಾಪ್ಟನ್

ಅಲ್ಲ ಎಮರ್, ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೀನು ಎಷ್ಟು ಸಲ ಓದಿದರೂ ಫಿಂಟನ್‌ನ ಹೆಸರು ಸಿಗುವುದಿಲ್ಲ. ಕನ್ನಡಕ ಹಾಕಿಕೊಳ್ಳದೆಯೇ ಹೇಳುತ್ತೇನೆ. ಕುಳಿತುಕೋ. ಆ ಯಂತ್ರ ಒತ್ತಿದೆಯಾ? ಕೆಂಪು ದೀಪ ಬಂತಾ? ಸರಿ ಹಾಗಾದರೆ.

ಕ್ಲಬ್ಬಿನವರು ಪುಸ್ತಕ ಮಾಡುತ್ತಿದ್ದಾರೆ. ನಮ್ಮ ಕೌಂಟಿಯ ಹುಡುಗರ ಕೋಲು-ಚೆಂಡಿನ ಹರ್ಲಿಂಗ್ ತಂಡಕ್ಕೆ, ಆ ಹದಿನೆಂಟರೊಳಗಿನವರ ತಂಡಕ್ಕೆ, ಇಲ್ಲಿಯವರೆಗೆ ಯಾರು ಯಾರು ಕ್ಯಾಪ್ಟನ್ ಆಗಿದ್ದರೋ ಅವರಿಗೆಲ್ಲ ಒಂದೊಂದು ಪುಟ. ನಮ್ಮ ಕಿಲ್‌ವಾರ್ನ ಊರಿನ ಪುಟದಲ್ಲಿ ಇಗ್ಗಿ ಟೈನನ್ ಗೆದ್ದ ಕಪ್ಪು ಎತ್ತಿ ಹಿಡಿದ ಫೋಟೋ ಬರುತ್ತದೆ. ಬರಲಿ, ಎತ್ತಿದ್ದು ಅವನೇ. ನಿಮ್ಮಜ್ಜ ಮ್ಯಾಲಕಿ ಆಗ ಕ್ಲಬ್ಬಿನ ಕಾರ್ಯದರ್ಶಿ, ಹೆಂಡತಿಗೆ ಏನಾದರೂ ನೆನಪಿರಬಹುದು, ಕೇಳಿ ಬರೆದುಕೊಂಡು ಬಾ ಎಂದು ನಿನ್ನನ್ನು ಕಳಿಸಿದ್ದಾರೆ. ನೆನಪಿದೆ. ಆದರೆ ನಾನು ಹೇಳುವುದು ಇಗ್ಗಿಯ ವಿಷಯವಲ್ಲ, ನನ್ನ ತಮ್ಮ ಫಿಂಟನ್ ಡೆಲಹಂಟಿಯ ವಿಷಯ. ಅವರು ಅಚ್ಚು ಹಾಕಲಿ, ಬಿಡಲಿ.

ಫಿಂಟನ್ ನನಗಿಂತ ಎರಡು ವರ್ಷ ಚಿಕ್ಕವನು. ಹುಟ್ಟಿದಾಗ ಅಳಲಿಲ್ಲವಂತೆ. ಸೂಲಗಿತ್ತಿ ಬೆನ್ನಿಗೆ ಎರಡು ಏಟು ಕೊಟ್ಟರೆ ಅಳುವ ಬದಲು ತಿರುಗಿ ಅವಳ ಮುಖ ನೋಡಿದ ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮ ಹೇಳುವುದರಲ್ಲಿ ಅರ್ಧ ಬಿಟ್ಟುಬಿಡಬೇಕು, ಆದರೆ ಇದು ನಿಜವಿರಬೇಕು, ಯಾಕೆಂದರೆ ಈ ಎಂಬತ್ತು ವರ್ಷವೂ ಅವನು ಮಾಡಿಕೊಂಡು ಬಂದದ್ದು ಅದನ್ನೇ. ಯಾರು ಹೊಡೆದರೂ ಸುಮ್ಮನೆ ತಿರುಗಿ ನೋಡುತ್ತಾನೆ. ಆಟದಲ್ಲಿ ಗೋಲಿನ ಮೂಲೆ ಕಾಯುವವನು. ಮುಂದಿನ ಸಾಲಿನ ಹುಡುಗರ ಹೆಸರು ಪೇಪರಿನಲ್ಲಿ ಬರುತ್ತದೆ, ಮೂಲೆ ಕಾಯುವವನ ಹೆಸರು ಬರುವುದು ಅವನು ತಪ್ಪು ಮಾಡಿದರೆ ಮಾತ್ರ. ಫಿಂಟನ್‌ನ ಹೆಸರು ಪೇಪರಿನಲ್ಲಿ ಬಂದದ್ದೇ ಕಡಿಮೆ.

ಅವನು ಕ್ಯಾಪ್ಟನ್ ಆದದ್ದು ಹೇಗೆಂದರೆ, ನಮ್ಮ ಕೌಂಟಿಯ ಪದ್ಧತಿ ನಿನಗೆ ಗೊತ್ತೇ ಇದೆ. ಹಿಂದಿನ ಶರತ್ಕಾಲದಲ್ಲಿ ಯಾವ ಕ್ಲಬ್ಬು ಗೆಲ್ಲುತ್ತದೋ, ಮರುವರ್ಷ ಕೌಂಟಿ ತಂಡದ ಕ್ಯಾಪ್ಟನ್‌ನನ್ನು ಹೆಸರಿಸುವ ಹಕ್ಕು ಅದರದು. ಹದಿನೈದು ಜನರಲ್ಲಿ ಒಳ್ಳೆಯ ಆಟಗಾರ ಯಾರು ಎಂದು ಯಾರೂ ಕೇಳುವುದಿಲ್ಲ, ಗೆದ್ದ ಊರಿನ ಹುಡುಗ ಯಾರಿದ್ದಾನೆ ಎಂದಷ್ಟೇ ನೋಡುವುದು. ಕಿಲ್‌ವಾರ್ನ ಮೂವತ್ತೊಂದು ವರ್ಷಗಳ ಮೇಲೆ ಗೆದ್ದಿತ್ತು. ಆ ರಾತ್ರಿ ಕೂಗಾಡಿದ ಕೂಗಿಗೆ ನಮ್ಮಪ್ಪನ ಗಂಟಲು ಕ್ರಿಸ್‌ಮಸ್‌ವರೆಗೂ ಸರಿಯಾಗಲಿಲ್ಲ. ಏಪ್ರಿಲ್‌ನಲ್ಲಿ ಕೌಂಟಿ ತಂಡ ಆರಿಸಿದಾಗ ನಮ್ಮ ಊರಿನಿಂದ ಹದಿನೈದರಲ್ಲಿ ಇದ್ದವನು ಫಿಂಟನ್ ಒಬ್ಬನೇ. ಇಗ್ಗಿ ಟೈನನ್ ಹೆಬ್ಬೆರಳು ಮುರಿದುಕೊಂಡು ಮನೆಯಲ್ಲಿ ಕುಳಿತಿದ್ದ. ಹಾಗಾಗಿ ಫಿಂಟನ್ ಕ್ಯಾಪ್ಟನ್.

ಆ ಕಾಲದಲ್ಲಿ ಇನ್ನೊಂದು ಪದ್ಧತಿಯಿತ್ತು, ಈಗಿಲ್ಲ. ಕ್ಯಾಪ್ಟನ್ ಯಾರ ಮನೆಯವನೋ ಆ ಮನೆಯ ಹೆಂಗಸರು ಇಡೀ ತಂಡದ ಜೆರ್ಸಿ ಒಗೆಯಬೇಕು. ಉಣ್ಣೆಯ ಜೆರ್ಸಿಗಳು. ನೆನೆದರೆ ಒಂದೊಂದೂ ಕುರಿಮರಿಯಷ್ಟು ಭಾರ. ಆ ಬೇಸಿಗೆಯೆಲ್ಲ ಅಮ್ಮ ಮತ್ತು ನಾನು ಹಿತ್ತಲಿನಲ್ಲಿ ದೊಡ್ಡ ತೊಟ್ಟಿ ಇಟ್ಟುಕೊಂಡು ಒಗೆದೆವು. ಬೇಲಿಯ ಮೇಲೆ ಇಪ್ಪತ್ತು ಜೆರ್ಸಿ ಒಣಗಲು ಹಾಕಿದರೆ ಬಸ್ಸಿನವನು ನಿಧಾನ ಮಾಡಿ ಹಾರ್ನ್ ಹೊಡೆದುಕೊಂಡು ಹೋಗುತ್ತಿದ್ದ. ಅಮ್ಮ ತಲೆ ಎತ್ತುತ್ತಿರಲಿಲ್ಲ, ಆದರೆ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಒಣಹಾಕಲು ಹೋಗುತ್ತಿದ್ದಳು. ಅದನ್ನು ನಾನು ಗಮನಿಸಿದ್ದೆ.

ನಾಲ್ಕು ಪಂದ್ಯ ಗೆದ್ದರು. ಉಳಿದದ್ದು ಡಬ್ಲಿನ್‌ನಲ್ಲಿ ಫೈನಲ್. ಗೆದ್ದರೆ ಕ್ಯಾಪ್ಟನ್ ಮೆಟ್ಟಿಲು ಹತ್ತಿ ಕಪ್ಪು ತೆಗೆದುಕೊಂಡು ಮೊದಲು ಐರಿಷ್‌ನಲ್ಲಿ ಮಾತಾಡಬೇಕು. ಫಿಂಟನ್‌ಗೆ ಐರಿಷ್ ಅಷ್ಟಕ್ಕಷ್ಟೇ. ಚರ್ಚಿನ ಗುರುಗಳ ಹತ್ತಿರ ಬರೆಸಿಕೊಂಡು ಬಂದು ಮೂರು ವಾರ ಕೊಟ್ಟಿಗೆಯಲ್ಲಿ ಹಸುಗಳಿಗೆ ಹೇಳಿ ಅಭ್ಯಾಸ ಮಾಡಿದ. ನಾನು ಬಾಗಿಲ ಹಿಂದೆ ನಿಂತು ಕೇಳಿ ಕೇಳಿ ನನಗೂ ಬಾಯಿಗೆ ಬಂದುಬಿಟ್ಟಿತ್ತು. ಎಲ್ಲರಿಗೂ ಕೃತಜ್ಞತೆ ಇತ್ತು ಅದರಲ್ಲಿ, ತರಬೇತಿ ಕೊಟ್ಟವರಿಗೆ, ಬಸ್ಸಿನವನಿಗೆ, ಜೆರ್ಸಿ ಒಗೆದ ಹೆಂಗಸರಿಗೆ. ಆ ಕೊನೆಯದನ್ನು ಗುರುಗಳು ಬರೆದದ್ದಲ್ಲ, ಅವನೇ ಸೇರಿಸಿದ್ದು.

ಫೈನಲ್‌ಗೆ ಹನ್ನೆರಡು ದಿನ ಇದ್ದಾಗ ಇಗ್ಗಿಯ ಬೆರಳು ಕೂಡಿತು. ಹದಿನೈದರಲ್ಲಿ ಸೇರಿಸಿಕೊಂಡರು. ಒಳ್ಳೆಯ ಆಟಗಾರನೇ, ಇಲ್ಲ ಎನ್ನುವುದಿಲ್ಲ. ಆದರೆ ಅವನಪ್ಪ ಯಾರು? ಟೈನನ್ ಮೇಷ್ಟ್ರು. ಶಾಲೆಯ ಮುಖ್ಯಸ್ಥರು, ಕ್ಲಬ್ಬಿನ ಅಧ್ಯಕ್ಷರು, ಹಾಲಿನ ಡೈರಿಯ ಅಧ್ಯಕ್ಷರು. ಊರಿನಲ್ಲಿ ಕುರ್ಚಿ ಎಷ್ಟಿದ್ದವೋ ಅಷ್ಟರಲ್ಲೂ ಅವರೇ. ಏಳು ಜನರ ಸಮಿತಿಯನ್ನು ಶಾಲೆಯಲ್ಲಿ ಸೇರಿಸಿದರು. ನಿಮ್ಮಜ್ಜ ಅಲ್ಲಿದ್ದವನು, ಅವನೇ ಹೇಳಿದ್ದು ನನಗೆ. ಮೇಷ್ಟ್ರು ಎದ್ದು ನಿಂತು, "ಏಪ್ರಿಲ್‌ನಲ್ಲಿ ಇದ್ದವನು ಒಬ್ಬನೇ. ಒಬ್ಬನೇ ಇದ್ದಾಗ ಆರಿಸಿದ್ವಿ ಅನ್ನೋಕಾಗುತ್ತಾ? ಈಗ ಇಬ್ರಿದ್ದಾರೆ. ನ್ಯಾಯವಾಗಿ ಓಟಿನ ಚೀಟಿ ಹಾಕೋಣ" ಎಂದರಂತೆ.

ಕಿರಾಣಿ ಅಂಗಡಿಯ ಪ್ಯಾಡರ್ ಗ್ರೋಗನ್ ಕೇಳಿದನಂತೆ, "ಮೇಷ್ಟ್ರೇ, ಓಡೋ ಕುದುರೆಯಿಂದ ಸವಾರನ್ನ ನಡುದಾರೀಲಿ ಇಳಿಸ್ತಾರಾ ಯಾರಾದ್ರೂ?"

"ಪ್ಯಾಡರ್, ನಿನ್ನ ಕುದುರೆ ವಿಷಯ ನಮಗೆಲ್ಲ ಗೊತ್ತು," ಎಂದರಂತೆ ಮೇಷ್ಟ್ರು. ಪ್ಯಾಡರ್ ಪ್ರತಿ ಶನಿವಾರ ಕುದುರೆ ಜೂಜಿನಲ್ಲಿ ಸೋಲುವವನು. ಎಲ್ಲರೂ ನಕ್ಕರು. ಅಲ್ಲಿಗೆ ಮುಗಿಯಿತು. ಮೇಷ್ಟ್ರ ಟೋಪಿಗೆ ಏಳು ಚೀಟಿ ಬಿದ್ದವು. ಇಗ್ಗಿಗೆ ನಾಲ್ಕು, ಫಿಂಟನ್‌ಗೆ ಮೂರು.

ಕ್ಯಾಪ್ಟನ್‌ಗಿರಿ ಟೈನನ್ ಮನೆಗೆ ಹೋಯಿತು, ಜೆರ್ಸಿಗಳು ಮಾತ್ರ ನಮ್ಮ ಮನೆಯಲ್ಲೇ ಉಳಿದವು. ಮಿಸೆಸ್ ಟೈನನ್ ಹೇಳಿ ಕಳಿಸಿದಳು, "ಹೇಗೂ ನಿಮ್ಮ ತೊಟ್ಟಿ ದೊಡ್ಡದು, ಇನ್ನೊಂದು ವಾರದ ಮಾತು" ಎಂದು. ಅಮ್ಮ ಒಗೆದಳು. ಬಸ್ಸು ಹೋದ ಮೇಲೆ ಒಣಹಾಕಿದಳು.

ಫೈನಲ್ ಗೆದ್ದರು. ಫಿಂಟನ್ ತನ್ನ ಮೂಲೆಯಲ್ಲಿ ಒಂದೂ ಗೋಲು ಬಿಡಲಿಲ್ಲ. ಇಗ್ಗಿ ಮೆಟ್ಟಿಲು ಹತ್ತಿ ಕಪ್ಪು ಹಿಡಿದ, ಐರಿಷ್‌ನಲ್ಲಿ ಎರಡು ಸಾಲು ಹೇಳಿದ, ಸೋತವರಿಗೆ ಮೂರು ಸಲ ಜೈಕಾರ ಹಾಕಿಸಿ ಇಳಿದ. ಅವತ್ತು ಮನೆಗೆ ಬಂದು ಫಿಂಟನ್ ಬೂಟು ಬಿಚ್ಚುತ್ತ ಹೇಳಿದ್ದು ಒಂದೇ ಮಾತು: "ಜೆರ್ಸಿ ಒಗೆದವ್ರನ್ನ ಬಿಟ್ಬಿಟ್ಟ." ಅಮ್ಮ ಒಲೆಯ ಕಡೆ ತಿರುಗಿ ಆಲೂಗಡ್ಡೆ ನೀರು ಬಸಿಯುತ್ತಲೇ ಇದ್ದಳು. ಬಸಿಯಲು ನೀರು ಏನೂ ಉಳಿದಿರಲಿಲ್ಲ.

ಆಮೇಲೆ ಅವನು ಕ್ಲಬ್ಬಿನ ಕಟ್ಟಡಕ್ಕೆ ಕಾಲಿಡಲಿಲ್ಲ. ಜಗಳ ಆಡಲಿಲ್ಲ, ಹೋಗಲಿಲ್ಲ, ಅಷ್ಟೇ. ಅಪ್ಪ ಹೋದ ಮೇಲೆ ಹೊಲ ನೋಡಿಕೊಂಡ. ಹಿತ್ತಲ ಶೆಡ್ಡಿನಲ್ಲಿ ಹರ್ಲಿಂಗ್ ಕೋಲು ಮಾಡಲು ಶುರುಮಾಡಿದ. ಆ್ಯಶ್ ಮರ ಬೇರಿನ ಹತ್ತಿರ ಬಾಗಿರುತ್ತದಲ್ಲ, ಆ ಬಾಗಿನಲ್ಲೇ ಕೋಲಿನ ಹಿಮ್ಮಡಿ, ಚೆಂಡು ಹೊಡೆಯುವ ಅಗಲ ತುದಿ, ಬರಬೇಕು, ಎಳೆ ತಿರುಗುವ ಕಡೆಗೇ ಮರ ಸೀಳಬೇಕು. ಅದು ಅವನ ಕೈಗೆ ಗೊತ್ತಿತ್ತು. ಹೆಸರಾಯಿತು. ಕೌಂಟಿಯ ಹುಡುಗರ ತಂಡಕ್ಕೆ ಯಾವ ಊರಿನ ಹುಡುಗ ಕ್ಯಾಪ್ಟನ್ ಆದರೂ, ಕೋಲು ಮಾತ್ರ ಫಿಂಟನ್ ಡೆಲಹಂಟಿಯದೇ ಬೇಕು ಎನ್ನುವಂತಾಯಿತು. ನಿನ್ನ ಕೈಯಲ್ಲಿರುವ ಪಟ್ಟಿಯಲ್ಲಿ ನಲವತ್ತು ಕ್ಯಾಪ್ಟನ್‌ಗಳಾದರೂ ಆ ಶೆಡ್ಡಿನ ಮರದ ಹೊಟ್ಟಿನಲ್ಲಿ ನಿಂತು ಹೋದವರು. ಎಡಗೈಯ ಹುಡುಗ ಒಬ್ಬ, ಈಗ ಆಫ್ರಿಕಾದಲ್ಲಿ ಪಾದ್ರಿ. ಇನ್ನೊಬ್ಬ ಅಲ್ಲಿ ನಿಂತವನೇ ಅಳಲು ಶುರುಮಾಡಿದ, ಭಯವಂತೆ. ಫಿಂಟನ್ ಅವನಿಗೆ ಮರಳು ಕಾಗದ ಕೊಟ್ಟು ಹಿಡಿಕೆ ಉಜ್ಜಲು ಹಚ್ಚಿದ. ಒಂದು ಗಂಟೆ ಉಜ್ಜಿ ಮುಗಿಸುವ ಹೊತ್ತಿಗೆ ಅಳು ನಿಂತಿತ್ತು, ಹಿಡಿಕೆ ಬಳಪದಷ್ಟು ತೆಳ್ಳಗಾಗಿತ್ತು, ಬೇರೆ ಕೋಲು ಮಾಡಬೇಕಾಯಿತು. ಒಬ್ಬ ಕೇಳಿದ್ದನಂತೆ, "ನೀವೂ ಕ್ಯಾಪ್ಟನ್ ಆಗಿದ್ರಂತೆ?" ಎಂದು. "ನಾಲ್ಕು ಮ್ಯಾಚು," ಎಂದನಂತೆ ಫಿಂಟನ್. "ಐದನೇದಕ್ಕೆ ಏನಾಯ್ತು?" "ಐದನೇದೂ ಗೆದ್ವಿ."

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಟೀ ತಣ್ಣಗಾಯಿತು ನಿನ್ನದು, ಕುಡಿ.

ಆ ಬೇಸಿಗೆ ನಾನು, ನಿಮ್ಮಜ್ಜ ಜೊತೆಯಲ್ಲಿ ಓಡಾಡುತ್ತಿದ್ದೆವು. ಮ್ಯಾಲಕಿಗೆ ಇಪ್ಪತ್ತಮೂರು. ಫಿಂಟನ್‌ನ ಜೀವದ ಗೆಳೆಯ. ಬೇಸಿಗೆಯಲ್ಲಿ ಜೌಗಿನಲ್ಲಿ ಉರುವಲಿನ ಪೀಟ್ ಮಣ್ಣು ಅಗೆಯುವ ಕೆಲಸ, ಚಳಿಗಾಲದಲ್ಲಿ ಏನೂ ಇಲ್ಲ. ಅವನ ಅಣ್ಣಂದಿರೆಲ್ಲ ಇಂಗ್ಲೆಂಡಿನ ಕಾವೆಂಟ್ರಿಗೆ ಹೋಗಿದ್ದರು, ಅವನ ಪೆಟ್ಟಿಗೆಯೂ ಸಿದ್ಧವಾಗಿತ್ತು. ನಾನು ಒಂಬತ್ತು ದಿನದ ಪ್ರಾರ್ಥನೆ ಹಿಡಿದಿದ್ದೆ, ಅವನಿಗೆ ಇಲ್ಲೇ ಒಂದು ಕೆಲಸ ಸಿಗಲಿ ಎಂದು. ಅಕ್ಟೋಬರ್‌ನಲ್ಲಿ ಡೈರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ನಾನು ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದೆ. ದೊಡ್ಡದು.

ಚೀಟಿಯ ಮಾತು ಊರಿನಲ್ಲಿ ನಿಲ್ಲಲೇ ಇಲ್ಲ. ಫಿಂಟನ್‌ಗೆ ಬಿದ್ದದ್ದು ಮೂರೇ ಮತ. ಆದರೆ ಆ ಮೂರರಲ್ಲಿ ಒಂದು ನನ್ನದು ಎಂದು ನನ್ನ ಕೈ ಕುಲುಕಿದವರು ಐದು ಜನ. ಸಮಿತಿಯಲ್ಲಿ ಇದ್ದದ್ದೇ ಏಳು ಜನ, ಅದರಲ್ಲಿ ಒಬ್ಬರು ಮೇಷ್ಟ್ರು. ಹಾಗೆ ಹೇಳದೆ ಉಳಿದವನು ಪ್ಯಾಡರ್ ಗ್ರೋಗನ್ ಒಬ್ಬನೇ. ಕೇಳಿದರೆ, "ಚೀಟಿ ಅಂದ್ರೆ ಚೀಟಿ, ಮಡಚಿದ್ದು ಮಡಚಿದ್ದೇ," ಎನ್ನುತ್ತಿದ್ದ. ನಾನು ತೀರ್ಮಾನ ಮಾಡಿಬಿಟ್ಟೆ. ಫಿಂಟನ್‌ಗೆ ಕೊಟ್ಟಿದ್ದರೆ ಹೇಳದೆ ಇರುತ್ತಿದ್ದನಾ? ಸಭೆಯಲ್ಲಿ ಕುದುರೆಯ ಮಾತಾಡಿದ್ದೂ ನಾಟಕ ಎಂದುಕೊಂಡೆ. ನಿಮ್ಮಜ್ಜನನ್ನು ಕೇಳಿದೆ, "ನೀನು ಯಾರಿಗೆ ಹಾಕಿದೆ?"

"ಇದೇನ್ ಪ್ರಶ್ನೆ ಡಿಂಪ್ನಾ? ಫಿಂಟನ್‌ಗೆ."

"ಹಾಗಾದ್ರೆ ಕೈಕೊಟ್ಟವನು ಗ್ರೋಗನ್."

ಅವನು ಹೌದು ಎನ್ನಲಿಲ್ಲ, ನೋಡು, ಅದನ್ನು ನಾನು ಈಗ ಯೋಚಿಸುತ್ತೇನೆ. ಅಲ್ಲ ಎಂದೂ ಅನ್ನಲಿಲ್ಲ.

ಮೂವತ್ತೆಂಟು ವರ್ಷ, ಅದು ಮುಚ್ಚುವವರೆಗೂ, ನಾನು ಗ್ರೋಗನ್ ಅಂಗಡಿಯ ಹೊಸಿಲು ತುಳಿಯಲಿಲ್ಲ. ಅಂಗಡಿ ಇದ್ದದ್ದು ನಮ್ಮ ಗೇಟಿನಿಂದ ಇನ್ನೂರು ಹೆಜ್ಜೆ. ಸಕ್ಕರೆ, ಹಿಟ್ಟು, ಸೀಮೆಎಣ್ಣೆ ಎಲ್ಲಕ್ಕೂ ನಾಲ್ಕು ಮೈಲಿ ಸೈಕಲ್ ತುಳಿದು ಪಕ್ಕದ ಊರಿಗೆ ಹೋಗುತ್ತಿದ್ದೆ. ನಿನ್ನ ಅಮ್ಮ ಹೊಟ್ಟೆಯಲ್ಲಿದ್ದಾಗಲೂ ಹೋದೆ. ದಾರಿಯಲ್ಲಿ ಪ್ಯಾಡರ್ ಬಾಗಿಲಲ್ಲಿ ನಿಂತು, "ಒಳ್ಳೇ ಗಾಳಿ ಇದೆ ಇವತ್ತು, ಮಿಸೆಸ್," ಎನ್ನುತ್ತಿದ್ದ. ನಾನು ಮುಖ ತಿರುಗಿಸುತ್ತಿದ್ದೆ. ಅವನ ಹೆಂಡತಿ ಸತ್ತಾಗ ಊರೆಲ್ಲ ಹೋಯಿತು, ನಾನು ಹೋಗಲಿಲ್ಲ. ನಿಮ್ಮಜ್ಜ ಒಬ್ಬನೇ ಹೋಗಿ ಬಂದ. ನಾನು ಸೈಕಲ್ ಹತ್ತುವಾಗ ಅವನು ಏನು ಮಾಡುತ್ತಿದ್ದ ಗೊತ್ತಾ? ಟಯರಿಗೆ ಗಾಳಿ ಹಾಕಿಕೊಡುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ಎಷ್ಟು ಒಳ್ಳೆಯ ಗಂಡ ಎಂದುಕೊಳ್ಳುತ್ತಿದ್ದೆ.

ನಿಮ್ಮಜ್ಜ ಹೋದದ್ದು ಕಳೆದ ನವೆಂಬರ್‌ನಲ್ಲಿ. ಮುಂದಿನ ಕೋಣೆಯಲ್ಲಿ ಮಲಗಿಸಿದ್ದೆವು, ಮಧ್ಯಾಹ್ನದಿಂದ ಜನ ಬರುತ್ತಲೇ ಇದ್ದರು, ನೀನು ಹ್ಯಾಮ್ ಸ್ಯಾಂಡ್‌ವಿಚ್ ಕತ್ತರಿಸಿ ಕತ್ತರಿಸಿ ಕೈ ನೋವು ಎಂದು ಗೊಣಗಿದ್ದೆ. ಇಗ್ಗಿ ಟೈನನ್ ಬಂದ. ಎರಡೂ ಕಿವಿಗೆ ಯಂತ್ರ. ಹೆಣದ ಹಣೆ ಮುಟ್ಟಿ, ನನ್ನ ಪಕ್ಕ ಕುಳಿತು, ಟೀ ಕಪ್ಪು ಮೊಣಕಾಲ ಮೇಲಿಟ್ಟುಕೊಂಡು, ಕಿವುಡರು ಮಾತಾಡುವ ಹಾಗೆ ಇಡೀ ಕೋಣೆಗೆ ಕೇಳುವಂತೆ ಹೇಳಿದ:

"ನಿನ್ನ ಗಂಡ ಇಲ್ದಿದ್ರೆ ನಾನು ಆ ಕಪ್ಪು ಮುಟ್ತಾನೇ ಇರ್ಲಿಲ್ಲ ಕಣಮ್ಮ ಡಿಂಪ್ನಾ."

"ಅದ್ಹೇಗೆ?"

"ನಾಲ್ಕನೇ ಚೀಟಿ ಅವನದೇ ಅಲ್ವಾ. ಮಡಚೋಕೆ ಮುಂಚೆ ನಮ್ಮಪ್ಪನಿಗೆ ತೋರಿಸಿ ಹಾಕಿದ್ದ. ಅಪ್ಪ ಸಾಯೋವರ್ಗೂ ಹೇಳ್ತಿದ್ರು, ಡೈರೀಲಿ ನಾನು ಮಾಡಿದ ಒಳ್ಳೇ ನೇಮಕ ಅಂದ್ರೆ ಮ್ಯಾಲಕಿದೇ, ಮಾತಿಗೆ ತಪ್ಪೋನಲ್ಲ ಅಂತ. ಆ ಪ್ಯಾಡರ್ ಗ್ರೋಗನ್‌ಗೆ ಮಾತ್ರ ಕೊನೇವರ್ಗೂ ಕ್ಷಮಿಸ್ಲಿಲ್ಲ. ಎಷ್ಟು ಹೇಳಿದ್ರೂ ಫಿಂಟನ್ ಫಿಂಟನ್ ಅಂತ ಕೂತಿದ್ನಂತೆ."

ಹೊಗಳಿದ್ದು ಅವನು, ಎಮರ್. ಸತ್ತವನ ಮನೆಯಲ್ಲಿ ಸತ್ತವನ ಹೆಂಡತಿಗೆ ಒಂದು ಒಳ್ಳೆಯ ಮಾತು ಹೇಳಬೇಕಲ್ಲ ಎಂದು, ಪಾಪ, ಹುಡುಕಿ ತಂದು ಹೇಳಿದ. "ಇನ್ನೊಂದು ಸ್ಯಾಂಡ್‌ವಿಚ್ ತಗೋ ಇಗ್ಗಿ," ಎಂದೆ. ಬೇರೆ ಏನು ಹೇಳಲಿ? ಪ್ಯಾಡರ್ ಸತ್ತು ಇಪ್ಪತ್ತು ವರ್ಷವಾಗಿತ್ತು.

ತಿಂಗಳ ಪೂಜೆ ಆಗುವವರೆಗೆ ಹಲ್ಲು ಕಚ್ಚಿಕೊಂಡಿದ್ದೆ. ಮರುದಿನ ಬೆಳಿಗ್ಗೆ ಫಿಂಟನ್‌ನ ಶೆಡ್ಡಿಗೆ ಹೋದೆ. ಈಗ ಕೋಲು ಮಾಡಲು ಕೈ ನಡುಗುತ್ತದೆ, ಸುಮ್ಮನೆ ಹಳೆಯ ಕೋಲುಗಳಿಗೆ ತಗಡಿನ ಪಟ್ಟಿ ಸುತ್ತುತ್ತಿದ್ದ. ಮ್ಯಾಲಕಿ ಅಷ್ಟು ವರ್ಷ ಪ್ರತಿ ಶನಿವಾರ ಕೂರುತ್ತಿದ್ದ ಸ್ಟೂಲು ಅಲ್ಲೇ ಇತ್ತು. ನಾನು ಕೂರಲಿಲ್ಲ. ಈ ಸುದ್ದಿ ಕೇಳಿದರೆ ಇವನ ಎದೆ ಒಡೆದುಹೋದೀತು ಎಂದು ಮೆಲ್ಲಗೆ ಶುರುಮಾಡಿದೆ.

"ಫಿಂಟನ್, ಆ ನಾಲ್ಕನೇ ಚೀಟಿ..."

"ಮ್ಯಾಲಕಿದು," ಎಂದ. ತಲೆಯನ್ನೂ ಎತ್ತಲಿಲ್ಲ.

"ನಿಂಗೊತ್ತಿತ್ತಾ? ಯಾವಾಗಿಂದ?"

"ಮಾರನೇ ಬೆಳಿಗ್ಗೆಯಿಂದ. ಅವನೇ ಬಂದು ಹೇಳ್ದ. ನಾನು ಹಾಲು ಕರೀತಿದ್ದೆ. ಹೊಡೀಬೇಕು ಅನ್ಸಿದ್ರೆ ಹೊಡಿ ಅಂದ. ತಡಿ, ಹಸು ಅರ್ಧ ಆಗಿದೆ ಅಂದೆ."

"ಆಮೇಲೆ?"

"ಆಮೇಲೆ ಹಸು ಮುಗೀತು. ಡೈರಿ ಕೆಲ್ಸ ಕೊಡ್ತೀನಿ ಅಂದಿದಾರೆ ಮೇಷ್ಟ್ರು, ಇಲ್ದಿದ್ರೆ ಕಾವೆಂಟ್ರಿಗೆ ಹೋಗ್ಬೇಕು, ಹೋದ್ರೆ ಡಿಂಪ್ನಾ ಬೇರೆ ಯಾರನ್ನಾದ್ರೂ ಮದುವೆ ಆಗ್ತಾಳೆ ಅಂದ. ಹೌದು, ಅವಳಿಗೆ ಬುದ್ಧಿ ಕಮ್ಮಿ, ಆದ್ರೂ ಆದಾಳು ಅಂದೆ. ಅಷ್ಟಕ್ಕೆ ಬಿಟ್ವಿ."

"ನನ್ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗಿಬ್ರಿಗೂ?"

"ಕೇಳಿದ್ರೆ ಏನಂತಿದ್ದೆ?"

"ಹೋಗು ಕಾವೆಂಟ್ರಿಗೆ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ," ಎಂದ ಫಿಂಟನ್.

ನನ್ನ ಇಡೀ ಬಾಳಿನ ಮಾತು, ಎಮರ್. ಇಬ್ಬರು ಗಂಡಸರು ಒಂದು ಹಸುವಿನ ಆಚೆ ಈಚೆ ನಿಂತು ಮುಗಿಸಿಬಿಟ್ಟರು. ಕಳೆದುಕೊಂಡವನಿಗೆ ಗೊತ್ತಿತ್ತು, ಕಸಿದುಕೊಟ್ಟವನಿಗೆ ಗೊತ್ತಿತ್ತು, ಕಪ್ಪು ಎತ್ತಿದವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಸೈಕಲ್ ತುಳಿದವಳು ನಾನೊಬ್ಬಳು.

"ಗ್ರೋಗನ್ ವಿಷಯ?" ಎಂದು ಕೇಳಿದೆ. "ಅವನ ಹೆಂಡ್ತಿ ಮಣ್ಣಿಗೂ ನಾನು ಹೋಗ್ಲಿಲ್ಲ ಫಿಂಟನ್. ಆವಾಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

ಅವನು ಪಟ್ಟಿಗೆ ಮೊಳೆ ಹೊಡೆಯಲು ಹೋಗಿ ಹೆಬ್ಬೆರಳಿಗೆ ಹೊಡೆದುಕೊಂಡ. "ಪ್ಯಾಡರ್‌ಗೆ ನಾನೇ ಹೋಗಿ ಹೇಳ್ದೆ," ಎಂದ ಆಮೇಲೆ. "ನನ್ನಕ್ಕನಿಗೆ ತಿಳಿಸ್ಬೇಡ, ಮಕ್ಕಳಾಗಿದಾವೆ ಅಂತ. ಸೈಕಲ್ ತುಳಿಯೋದು ಮೈಗೆ ಒಳ್ಳೇದು ಬಿಡು ಅಂದ."

ಅಂದರೆ ಪ್ಯಾಡರ್‌ಗೂ ಗೊತ್ತಿತ್ತು. ನಾನು ಮುಖ ತಿರುಗಿಸಿ ಹೋಗುವಾಗ ಅವನು ಒಳ್ಳೆಯ ಗಾಳಿ ಇದೆ ಎನ್ನುತ್ತಿದ್ದದ್ದು ಎಲ್ಲವೂ ಗೊತ್ತಿದ್ದು. ಅವನು ಒಳ್ಳೆಯವನಾಗಿದ್ದ ಎನ್ನುವುದು ಇನ್ನೂ ಉರಿಯುತ್ತದೆ ನನಗೆ. ಕೆಟ್ಟವನಾಗಿದ್ದರೆ ಸುಲಭವಿತ್ತು.

ನಾನು ನಿಮ್ಮಜ್ಜನನ್ನು ದ್ವೇಷಿಸುತ್ತೇನಾ ಎಂದು ಕೇಳಬೇಕೆಂದಿದೆ ನಿನ್ನ ಮುಖ. ನನಗೆ ಗೊತ್ತಿಲ್ಲ. ಚೀಟಿಗೆ ಕ್ಷಮೆ ಇದೆ, ಹುಡುಗನಾಗಿದ್ದ, ಪೆಟ್ಟಿಗೆ ಕಟ್ಟಿಟ್ಟಿದ್ದ. ಆ ಟಯರಿನ ಗಾಳಿಗೆ ಕ್ಷಮೆ ಎಲ್ಲಿಂದ ತರಲಿ? ಫಿಂಟನ್‌ನ ಶೆಡ್ಡಿಗೆ ಆಮೇಲೆ ಎರಡು ಸಲ ಹೋಗಿದ್ದೇನೆ. ಮಾತಾಡುವುದಿಲ್ಲ. ಸೂಪು ಇಟ್ಟು ಬರುತ್ತೇನೆ. ಪಾತ್ರೆ ತೊಳೆದು ಕಳಿಸುತ್ತಾನೆ.

ಸರಿ, ಆ ಯಂತ್ರ ನಿಲ್ಲಿಸು. ಇಲ್ಲ, ಇರಲಿ, ಇದನ್ನು ನೀನು ಮರೆಯಬಾರದು. ನಾಳೆ ಪೇಟೆಗೆ ಹೋಗುತ್ತೀಯಲ್ಲ, ಸೇತುವೆಯ ಹತ್ತಿರ ಸಮಾಧಿ ಕಲ್ಲು ಕೆತ್ತುವ ಹ್ಯಾನಿಫಿ ಇದ್ದಾನೆ. ಮ್ಯಾಲಕಿಯ ಕಲ್ಲಿಗೆ ಏನು ಕೆತ್ತಬೇಕೆಂದು ಕ್ಲಬ್ಬಿನವರು ಅವನಿಗೆ ಬರೆದು ಕೊಟ್ಟಿದ್ದಾರಂತೆ, "ನಲವತ್ತು ವರ್ಷ ಕ್ಲಬ್ಬಿನ ನಂಬಿಗಸ್ತ ಕಾರ್ಯದರ್ಶಿ" ಎಂದು. ಆ ಸಾಲು ಬೇಡ ಎಂದು ಹೇಳು. ಹೆಸರು, ಹುಟ್ಟಿದ ದಿನ, ಸತ್ತ ದಿನ, ಅಷ್ಟು ಸಾಕು. ಕೆಳಗೆ ನಿಮ್ಮಜ್ಜಿಗೆ ಜಾಗ ಬಿಡಬೇಕಾ ಎಂದು ಕೇಳುತ್ತಾನೆ, ಕೇಳಿಯೇ ಕೇಳುತ್ತಾನೆ. ಬಿಡು ಅನ್ನು. ಆದರೆ ಬೇಸಿಗೆಯವರೆಗೂ ಕಲ್ಲಿಗೆ ಉಳಿ ಹಚ್ಚಬೇಡ, ಅಜ್ಜಿ ಇನ್ನೂ ಯೋಚಿಸಬೇಕಂತೆ ಅಂತಲೂ ಹೇಳು. ಅಂಗಡಿ ಐದಕ್ಕೆ ಮುಚ್ಚುತ್ತಾನೆ, ಅದಕ್ಕೆ ಮುಂಚೆ ಹೋಗು.